ಮಂಡಿ ಊರುವ ಜಾಗ

ಮಳವಳ್ಳಿ
೩–೨–೧೯೪೧

ರಂಗನಿಗೆ ಪೀರನ ಸಲಾಮು.

ನೀನು ಮಂಡ್ಯಕ್ಕೆ ವರ್ಗವಾಗಿ ಹೋಗುವ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅರ್ಧ ಪಂದ್ಯಗಳು ಮುಗಿದ ಮೇಲೆ ಒಬ್ಬೊಬ್ಬ ಆಟಗಾರನ ಬಗ್ಗೆಯೂ ಬರಿ, ಮುಚ್ಚುಮರೆ ಬೇಡ" ಅಂದಿದ್ದೆ. ಬಸ್ಸು ನನ್ನದೇ ಆದ್ದರಿಂದ ನಿನ್ನ ಭಾಷಣ ಮುಗಿಯುವ ತನಕ ನಿಲ್ಲಿಸಿಕೊಂಡಿದ್ದೆ. ಬೇರೆಯವರ ಬಸ್ಸಾಗಿದ್ದರೆ ನಿನ್ನ ಕತ್ತು ಮಾತ್ರ ಮಂಡ್ಯ ಸೇರುತ್ತಿತ್ತು. ಈಗ ಅರ್ಧ ಮುಗಿದಿದೆ. ಮೂರು ಆಡಿದ್ದೇವೆ. ಮಂಡ್ಯದವರ ಮೇಲೆ ಗೆದ್ದೆವು. ಮದ್ದೂರಿಗೂ ಶಿವನಸಮುದ್ರಕ್ಕೂ ಸೋತೆವು. ಇನ್ನು ಮೂರು ಬಾಕಿ.

ಜನಕ್ಕೆ ಈ ಆಟ ಇನ್ನೂ ತಿಳಿದಿಲ್ಲ. ಮೊನ್ನೆ ಬಸ್ಸಿನಲ್ಲಿ ಅಮಲ್ದಾರ್ ಕಚೇರಿ ಗುಮಾಸ್ತರೊಬ್ಬರು ಕೇಳಿದರು: "ಪಾಷಾ ಸಾಬ್ರೇ, ಅದೆಂಥದ್ರೀ, ಫುಟ್ಬಾಲಂತೆ, ಚೆಂಡು ಕೋಳಿಮೊಟ್ಟೆ ಹಾಗಿದೆಯಂತೆ, ಕೈಯಲ್ಲೂ ಹಿಡೀಬಹುದಂತೆ?" ನಾನಂದೆ: "ಸ್ವಾಮಿ, ಶಿವನಸಮುದ್ರದ ಕರೆಂಟು ಕಾರ್ಖಾನೆಗೆ ಬಂದಿರುವ ಹಾರ್ಪರ್ ದೊರೆ ಆಸ್ಟ್ರೇಲಿಯಾದವನು. ಇದು ಅವನ ಊರಿನ ಆಟ. ಕಡೆಗೆ ಹದಿನೆಂಟು ಜನ. ಒದ್ದ ಚೆಂಡು ನೆಲ ಮುಟ್ಟುವ ಮೊದಲೇ ಯಾರು ಗಾಳಿಯಲ್ಲಿ ಹಿಡಿಯುತ್ತಾನೋ ಅವನಿಗೆ ಅದು ಮಾರ್ಕು. ಆಮೇಲೆ ಯಾರೂ ಅವನನ್ನು ಮುಟ್ಟುವ ಹಾಗಿಲ್ಲ, ನಿಧಾನವಾಗಿ ನಿಂತು ಗೋಲಿಗೆ ಒದೆಯಬಹುದು. ಹಿಡಿಯುವುದಕ್ಕೆ ಮುಂದಿನವನ ಬೆನ್ನಿನ ಮೇಲೆ ಮಂಡಿ ಊರಿ ನೆಗೆದರೂ ತಪ್ಪಿಲ್ಲ." ಗುಮಾಸ್ತರು, "ಬೆನ್ನು ಯಾರದಾದರೂ ಆಗಬಹುದೋ?" ಅಂದರು. ಆಗಬಹುದು ಅಂದೆ. ಅವರು ಮುಂದೇನೂ ಕೇಳದೆ ಬೆಳಕವಾಡಿಯಲ್ಲಿ ಇಳಿದುಹೋದರು.

ಈಗ ಆಟಗಾರರು. ಗಫಾರ್ ನನ್ನ ಬಾಮೈದ, ಆದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ಬೆನ್ನು ಎತ್ತಿನದು, ಒದೆತ ಆನೆಯದು, ಚೆಂಡು ಯಾವ ಕಡೆ ಹೋಗುತ್ತದೆಂದು ಅವನಿಗೂ ತಿಳಿಯದು, ಅಲ್ಲಾನಿಗೂ ತಿಳಿಯದು. ಇರಲಿ, ಬೇಕು. ಅರ್ಚಕರ ಮಗ ಯೋಗಾನರಸಿಂಹ ಜಿಂಕೆ ಓಡಿದ ಹಾಗೆ ಓಡುತ್ತಾನೆ. ಬಿದ್ದರೆ ಮಾತ್ರ ಮೊದಲು ಪಂಚೆ ನೋಡಿಕೊಳ್ಳುತ್ತಾನೆ, ಆಮೇಲೆ ಚೆಂಡು ನೋಡುತ್ತಾನೆ. ಅಷ್ಟರಲ್ಲಿ ಚೆಂಡು ಇನ್ನೊಬ್ಬರ ಮನೆ ಸೇರಿರುತ್ತದೆ. ಹೊನ್ನಯ್ಯ, ಪಟೇಲ ದೊಡ್ಡಸಿದ್ದಯ್ಯನವರ ಮಗ, ಎದುರಾಳಿಗಳ ಗೋಲಿನ ಮುಂದೆ ಗೂಟ ಹೊಡೆದ ಹಾಗೆ ನಿಲ್ಲುತ್ತಾನೆ. ಅಲ್ಲಾಡಿಸುವವನು ಇನ್ನೂ ಹುಟ್ಟಿಲ್ಲ. ಕುಳ್ಳ, ಅಷ್ಟೇ. ತಲೆಯ ಮೇಲೆ ಬಂದ ಚೆಂಡು ತಲೆಯ ಮೇಲೇ ಹೋಗುತ್ತದೆ.

ಅದನ್ನು ಹಿಡಿಯಲೆಂದೇ ಅವನ ಹಿಂದೆ ನಿನ್ನ ರಾತ್ರಿಶಾಲೆಯ ಬೋರಯ್ಯನನ್ನು ನಿಲ್ಲಿಸಿದ್ದು. ಅವನ ವಿಷಯ ಬರೆಯಲು ಬೇಸರ. ಅಭ್ಯಾಸದಲ್ಲಿ ಆ ನೆಗೆತ ನೋಡಿದರೆ ಮೈಯಲ್ಲಿ ಮೂಳೆಯೇ ಇಲ್ಲವೇನೋ ಅನ್ನಿಸುತ್ತದೆ. ಪಂದ್ಯದಲ್ಲಿ ನೆಲಕ್ಕೆ ಅಂಟು ಹಾಕಿದವನ ಹಾಗೆ ನಿಂತುಬಿಡುತ್ತಾನೆ. ಚೆಂಡು ಅವರಿಬ್ಬರ ನಡುವೆ ಬೀಳುತ್ತದೆ, ಮದ್ದೂರಿನವರು ಎತ್ತಿಕೊಂಡು ಹೋಗುತ್ತಾರೆ. ಮೈಗಳ್ಳ ಅಂತಲೇ ನನ್ನ ತೀರ್ಮಾನ. ಅವನನ್ನು ತೆಗೆಯೋಣ ಅಂತಿದ್ದೇನೆ.

ಇನ್ನೊಂದು ವಿಷಯವೂ ಇದೆ. ಹಾರ್ಪರ್ ದೊರೆ ನಾಲ್ಕು ಊರಿನ ಆಟಗಾರರಲ್ಲಿ ಇಬ್ಬರನ್ನು ಕರೆಂಟು ಕಂಬ ಹತ್ತುವ ಕೆಲಸಕ್ಕೆ ಕಾಯಂ ತೆಗೆದುಕೊಳ್ಳುತ್ತಾನಂತೆ. ಮೇಲಕ್ಕೆ ನೆಗೆಯುವವನಿಗೆ ಎತ್ತರದ ಭಯವಿರದು ಅಂತ ಅವನ ಲೆಕ್ಕ. ಯಾರು ತಕ್ಕವರೆಂದು ಪಂದ್ಯಗಳು ಮುಗಿದ ಮೇಲೆ ನಾನೂ ಬರೆದು ಕೊಡಬೇಕು. ಬೋರಯ್ಯನ ಹೆಸರು ಹಾಕಲು ಕೈ ಬರುವುದಿಲ್ಲ.

ನಿನ್ನ,
ಪೀರ್ ಪಾಷಾ


ಮಂಡ್ಯ
೮–೨–೧೯೪೧

ಪ್ರಿಯ ಪೀರ್ ಪಾಷಾನಿಗೆ,

ನಿನ್ನ ಕಾಗದ ಓದಿ ನಗುವೂ ಬಂತು, ಕೋಪವೂ ಬಂತು. ರಂಗನಾಯಕಿಗೂ ಓದಿ ಹೇಳಿದೆ. ಯೋಗಾನರಸಿಂಹನ ಪಂಚೆಯ ಪ್ರಸಂಗಕ್ಕೆ ಅವಳು ಒಳಗೆ ಹೋಗಿ ನಕ್ಕು ಬಂದಳು. ಸೊಸೆ ನಮ್ಮ ತಾಯಿಯವರ ಎದುರು ನಗುವಂತಿಲ್ಲ.

ಬೋರಯ್ಯನನ್ನು ತೆಗೆಯಬೇಡ. ಅವನು ಮೈಗಳ್ಳನಲ್ಲ. ಹೊಲದ ಕೆಲಸ ಮುಗಿಸಿ, ಮುಖ ಕೂಡ ತೊಳೆಯದೆ, ಆದಿಕರ್ನಾಟಕರ ಕೇರಿಯಿಂದ ಶಾಲೆಗೆ ಬಂದು ಅಕ್ಷರ ಕಲಿತವನು. ಒಂದೇ ಒಂದು ದಿನ ತಪ್ಪಿಸಿದವನಲ್ಲ. ಅಂಥವನು ಪಂದ್ಯದಲ್ಲಿ ಮಾತ್ರ ಏಕೆ ನಿಲ್ಲುತ್ತಾನೆ? ನೀನು ಬಸ್ಸಿನ ಇಂಜಿನಿನ ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎನ್ನುವವನು. ಮನುಷ್ಯನನ್ನೂ ಸ್ವಲ್ಪ ಕಿವಿಗೊಟ್ಟು ಕೇಳು.

ಆ ಕೆಲಸ ಅವನಿಗೆ ಸಿಕ್ಕಿದರೆ ಅವನೂ ಅವನ ತಾಯಿ ಅಂಕಮ್ಮನೂ ಪಟೇಲರ ಜೀತದಿಂದ ಹೊರಬಂದ ಹಾಗೆ. ನಮ್ಮ ಆಟ ಹುಟ್ಟಿದ್ದೇ ಇದಕ್ಕಾಗಿ ಎಂದು ನನ್ನ ನಂಬಿಕೆ. ಆಟಕ್ಕೆ ಜಾತಿಯಿಲ್ಲ.

ಇಂತು ನಿನ್ನ ಸ್ನೇಹಿತ,
ಕಸ್ತೂರಿರಂಗ


ಮಳವಳ್ಳಿ
೧೭–೨–೧೯೪೧

ರಂಗನಿಗೆ,

ನೀನು ಹೇಳಿದ ಹಾಗೆ ಕಿವಿಗೊಟ್ಟೆ. ಕೇಳಿದ್ದು ಚೆನ್ನಾಗಿರಲಿಲ್ಲ.

ಶನಿವಾರ ಕೆರೆಯಂಗಳದಲ್ಲಿ ಅಭ್ಯಾಸ ನಡೆಯುತ್ತಿತ್ತು. ಹೊನ್ನಯ್ಯ ಹೊಲದಿಂದ ಬಂದಿರಲಿಲ್ಲ. ಅವನ ಜಾಗದಲ್ಲಿ ಗಫಾರನನ್ನು ನಿಲ್ಲಿಸಿ ಮೇಲಕ್ಕೆ ಚೆಂಡು ಒದೆಸಿದೆ. ಬೋರಯ್ಯ ಹಿಂದಿನಿಂದ ಬಂದು ಗಫಾರನ ಬೆನ್ನಿಗೆ ಮಂಡಿ ಕೊಟ್ಟು ಏರಿದ ನೋಡು, ತೆಂಗಿನ ಮರದಲ್ಲಿ ಕಾಯಿ ಕಿತ್ತ ಹಾಗೆ ಚೆಂಡು ಕಿತ್ತುಕೊಂಡ. ಮತ್ತೆ ಒದೆಸಿದೆ. ಮತ್ತೆ ಕಿತ್ತ. ಗಫಾರ್ ಸೊಂಟ ಹಿಡಿದುಕೊಂಡು, "ಭಾಯಿ, ಇವ್ನೇನು ನನ್ನ ಏಣಿ ಮಾಡ್ಕೊಂಡವ್ನೆ!" ಅಂತ ಬೈದ. ಎಲ್ಲರೂ ನಕ್ಕರು. ಅಷ್ಟರಲ್ಲಿ ಹೊನ್ನಯ್ಯ ಬಂದ. ಗಫಾರ್ ಆಚೆ ಹೋದ. ಅದೇ ಚೆಂಡು, ಅದೇ ಎತ್ತರ. ಬೋರಯ್ಯ ಓಡಿ ಬಂದವನು ಬೆನ್ನಿಗೆ ಎರಡು ಮಾರು ದೂರದಲ್ಲಿ ಕಾಲು ಊರಿ ನಿಂತುಬಿಟ್ಟ, ಎದುರಿಗೆ ಬಾವಿ ಇದ್ದ ಹಾಗೆ.

ಅವನನ್ನು ಪಕ್ಕಕ್ಕೆ ಕರೆದೆ. "ಏನ್ಲಾ ಬೋರ, ನಾಟ್ಕ ಆಡ್ತಿದ್ದೀಯಾ?" ಅಂದೆ.

ಅವನು ನೆಲ ನೋಡುತ್ತಲೇ ಹೇಳಿದ: "ಚೆಂಡು ಎತ್ತರಕ್ಕೆ ಬತ್ತದೆ ಸಾಬ್ರೇ. ನಂಗೂ ಕಾಣ್ತದೆ. ಮಂಡಿಯ ಎಲ್ಲಿ ಮಡಗ್ಲಿ?"

ನನಗೆ ಆಗ ಹೊಳೆಯಿತು ಕಣಯ್ಯ. ಗುಮಾಸ್ತರಿಗೆ ಬಸ್ಸಿನಲ್ಲಿ ಕೂತೇ ಹೊಳೆದದ್ದು ನನಗೆ ಮೂರು ಪಂದ್ಯ ಕಳೆದ ಮೇಲೆ ಹೊಳೆಯಿತು. ಯಾರ ಗದ್ದೆಯಲ್ಲಿ ಅವನು ದುಡಿಯುತ್ತಾನೋ, ಯಾರ ಜಾಗದಲ್ಲಿ ಅವನ ಗುಡಿಸಲಿದೆಯೋ, ಅವರ ಮಗನ ಬೆನ್ನು ಅದು. ಸಾಬರ ಬೆನ್ನಾದರೆ ಏಣಿ. ಪಟೇಲರ ಮಗನ ಬೆನ್ನು ಗುಡಿಯ ಬಾಗಿಲು.

ನನ್ನ ಯೋಚನೆ ಇಷ್ಟು. ಬೋರಯ್ಯನನ್ನು ಹಿಂದಿನ ಸಾಲಿಗೆ, ಮೈದಾನದ ಆ ತುದಿಗೆ ಹಾಕುತ್ತೇನೆ. ಅಲ್ಲಿ ಗಫಾರ್ ಇದ್ದಾನೆ. ಏಣಿಗೆ ಏಣಿಯೂ ಆಯಿತು, ಊರಿಗೆ ನೆಮ್ಮದಿಯೂ ಆಯಿತು. ದೊರೆಗೆ ನೆಗೆತ ಯಾವ ತುದಿಯಲ್ಲಿ ಕಂಡರೂ ನೆಗೆತವೇ.

ಪೀರ್


ಮಂಡ್ಯ
೨೧–೨–೧೯೪೧

ಪ್ರಿಯ ಪೀರ್,

ನಿನ್ನ ಉಪಾಯ ನನಗೆ ಒಪ್ಪಿಗೆಯಿಲ್ಲ. ಅವನನ್ನು ದೂರ ನಿಲ್ಲಿಸಿದರೆ, ಅವನು ಹೆದರಿದ್ದು ಸರಿ ಎಂದು ನಾವೇ ಒಪ್ಪಿಕೊಂಡಂತೆ. ಊರು ಅವನಿಗೆ ಕೊಟ್ಟ ಜಾಗವೂ ಅದೇ, ದೂರ. ನಾವೂ ಅದನ್ನೇ ಕೊಟ್ಟರೆ ಈ ತಂಡವನ್ನು ನಾನೂ ನೀನೂ ಯಾವ ಪುರುಷಾರ್ಥಕ್ಕೆ ಕಟ್ಟಿದೆವು?

ಬೋರಯ್ಯನಿಗೂ ಒಂದು ಕಾಗದ ಹಾಕಿದ್ದೇನೆ. ಹೊನ್ನಯ್ಯ ಒಳ್ಳೆಯ ಹುಡುಗ, ನನ್ನ ವಿದ್ಯಾರ್ಥಿ, ಅವನು ತಪ್ಪು ತಿಳಿಯುವುದಿಲ್ಲ. ಅದೇ ಜಾಗದಲ್ಲಿ ನಿಲ್ಲಿಸು. ನೆಗೆಯಲಿ.

ಕಸ್ತೂರಿರಂಗ


ಮಳವಳ್ಳಿ
೩–೩–೧೯೪೧

ರಂಗನಿಗೆ,

ನೆಗೆದ.

ನಿನ್ನೆ ಭಾನುವಾರ ಶಿವನಸಮುದ್ರದವರು ಬಂದಿದ್ದರು. ನಿನ್ನ ಮಾತಿಗೆ ಕಟ್ಟುಬಿದ್ದು ಅದೇ ಜಾಗದಲ್ಲಿ ನಿಲ್ಲಿಸಿದ್ದೆ. ಆದರೆ ಎಲ್ಲ ನಿನ್ನ ತಲೆಗೆ ಕಟ್ಟುವುದಿಲ್ಲ, ನನ್ನ ಜಾಣತನವೂ ಸೇರಿಕೊಂಡಿದೆ. ಕೆರೆಯಂಗಳ ಪಟೇಲರ ಊರಿಗೆ ಸೇರಿದ್ದಲ್ಲವೇ? ಅವರು ಬೇಡವೆಂದರೆ ನಮಗೆ ಆಡಲು ಜಾಗವಿಲ್ಲ. ಅದಕ್ಕೆ ಅವರನ್ನು ಖುಷಿಪಡಿಸೋಣವೆಂದು ನಾನೇ ಹೋಗಿ ಕರೆದುಬಂದೆ. ಶಾಲೆಯಿಂದ ಕೈಯಿರುವ ಕುರ್ಚಿ ತರಿಸಿದೆ. ಹಾರ ಹಾಕಿಸಿದೆ. ಮಗನ ಆಟ ಹತ್ತಿರದಿಂದ ಕಾಣಲಿ ಎಂದು ಕುರ್ಚಿಯನ್ನು ಗೋಲಿನ ಪಕ್ಕದಲ್ಲೇ ಹಾಕಿಸಿದೆ. ಇಷ್ಟು ದೊಡ್ಡ ತಪ್ಪನ್ನು ಇಷ್ಟು ಮರ್ಯಾದೆಯಾಗಿ ಬೇರೆ ಯಾರೂ ಮಾಡಿರಲಾರರು.

ಕೊನೆಯ ಗಳಿಗೆ. ಐದು ಅಂಕ ಹಿಂದಿದ್ದೇವೆ, ಒಂದು ಗೋಲಿಗೆ ಆರು. ಗಫಾರ್ ಆ ತುದಿಯಿಂದ ಒದ್ದ. ಜೀವಮಾನದಲ್ಲಿ ಒಂದೇ ಸಲ ಚೆಂಡು ನೆಟ್ಟಗೆ ಬಂತು. ಹೊನ್ನಯ್ಯ ಕೈ ಎತ್ತಿದ, ಎಟುಕುವುದಿಲ್ಲ ಅಂತ ಎಲ್ಲರಿಗೂ ಕಂಡಿತು. ದೊರೆ ತನಗೆ ಗೊತ್ತಿರುವ ಕನ್ನಡವನ್ನೆಲ್ಲ ಕೂಗುತ್ತಿದ್ದ: "ಹೋಗು ಮೇಲೆ! ಹೋಗು ಮೇಲೆ!" ಬೋರಯ್ಯ ಓಡಿ ಬಂದ. ಬಲ ಮಂಡಿ ಹೊನ್ನಯ್ಯನ ಹೆಗಲಿಗೆ ಕೊಟ್ಟ. ರಂಗ, ಅವನು ಮೇಲೆ ಹೋದವನು ಅಲ್ಲೇ ನಿಂತ ಹಾಗಿತ್ತು. ಹಿಂದೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಚೆಂಡು ಹಿಡಿದು ಇಳಿದ. ಒದ್ದ. ಗೋಲು.

ಜನ ಹೋ ಅಂದರು. ಆಮೇಲೆ ಒಬ್ಬೊಬ್ಬರಾಗಿ ಕುರ್ಚಿಯ ಕಡೆ ತಿರುಗಿದರು. ಹೋ ಅನ್ನುವುದು ನಿಂತಿತು. ಪಟೇಲರು ಹಾರ ತೆಗೆದು ಕುರ್ಚಿಯ ಕೈಗೆ ಹಾಕಿ, ಅಂಗವಸ್ತ್ರ ಕೊಡವಿಕೊಂಡು ಹೊರಟುಹೋದರು. ಗೆದ್ದವರು ನಾವೋ ಅವರೋ ಅನ್ನುವ ಹಾಗೆ ಶಿವನಸಮುದ್ರದವರು ನಮ್ಮ ಮುಖ ನೋಡುತ್ತಿದ್ದರು.

ಇವತ್ತು ಬೆಳಿಗ್ಗೆ ಅಂಕಮ್ಮ ಪಟೇಲರ ಕೊಟ್ಟಿಗೆ ಕಸ ತೆಗೆಯಲು ಹೋದರೆ ಬಾಗಿಲು ಹಾಕಿದ್ದರಂತೆ. ಮಧ್ಯಾಹ್ನ ನನಗೆ ಹೇಳಿಕಳಿಸಿದರು. ಪಟೇಲರ ಮಾತು ಇಷ್ಟು: "ಪಾಷಾ, ನೀನು ಆಟ ಬಲ್ಲವನು, ಸುಳ್ಳು ಹೇಳೋನಲ್ಲ ಅಂತ ಹೆಸ್ರೈತೆ. ಅವ್ನು ಜಾರಿ ಬಿದ್ದು ನನ್ನ ಮಗನ ಹೆಗಲಿಗೆ ತಾಗಿದ್ನೋ, ಬೇಕೂಂತ ನೆಗೆದ್ನೋ? ಜಾರಿದ್ರೆ ಮಗ ತಲೆಗೆ ನೀರು ಹಾಕ್ಕೋತಾನೆ, ಮುಗೀತು. ನೆಗೆದಿದ್ರೆ ಮಗನ ತಲೆ ಬೋಳ್ಸಿ ಶುದ್ಧ ಮಾಡ್ಬೇಕು, ಅವ್ನು, ಅವ್ನವ್ವ ಊರು ಬಿಡ್ಬೇಕು. ಪಂಚಾಯ್ತಿಯಲ್ಲಿ ಬಂದು ಹೇಳು. ಅಲ್ಲಿ ಹೇಳಿದ್ದನ್ನೇ ದೊರೆಗೂ ಹೇಳ್ಬೇಕು. ಅಲ್ಲೊಂದು ಇಲ್ಲೊಂದು ಆಡಂಗಿಲ್ಲ."

ಸಿಕ್ಕಿನ ತುದಿ ನಿನಗೂ ಕಾಣುತ್ತಿರಬೇಕು. ಜಾರಿದ ಅಂದರೆ ಗುಡಿಸಲು ಉಳಿಯುತ್ತದೆ, ಕಂಬದ ಕೆಲಸ ಹೋಗುತ್ತದೆ. ದೊರೆ ಕಣ್ಣಾರೆ ನೋಡಿದ್ದಾನೆ ನಿಜ, ಆದರೆ ಜಾರಿ ಬಿದ್ದ ಅಂತ ನಾನೇ ಹೇಳಿದವನನ್ನು ಕಂಬ ಹತ್ತಿಸುತ್ತಾನೆಯೇ? ನೆಗೆದ ಅಂದರೆ ಕೆಲಸ ಸಿಗಬಹುದು. ಬಹುದು, ಅಷ್ಟೇ. ಪಂದ್ಯ ಇನ್ನೂ ಎರಡಿವೆ, ದೊರೆ ಮಾತು ಕೊಟ್ಟಿಲ್ಲ. ಆದರೆ ಗುಡಿಸಲು ಅವತ್ತೇ ಹೋಗುತ್ತದೆ.

ಪಂಚಾಯಿತಿ ಬರುವ ಸೋಮವಾರ. ನೀನು ಬಾ. ನೀನು ಮೇಷ್ಟ್ರು, ಬ್ರಾಹ್ಮಣ, ಹೊನ್ನಯ್ಯನಿಗೆ ಪಾಠ ಹೇಳಿದವನು. ನಿನ್ನ ಮಾತು ಆ ಜಗುಲಿಯ ಮೇಲೆ ಕೂರುತ್ತದೆ. ನನ್ನದು ಮೆಟ್ಟಿಲ ಮೇಲೆ.

ಪೀರ್


ಮಂಡ್ಯ
೬–೩–೧೯೪೧

ಪ್ರಿಯ ಪೀರ್,

ಸೋಮವಾರ ಶಾಲೆಗೆ ಇನ್ಸ್‌ಪೆಕ್ಟರರು ಬರುತ್ತಾರೆ. ರಜ ಕೇಳುವಂತಿಲ್ಲ. ನಮ್ಮ ತಾಯಿಯವರ ಆರೋಗ್ಯವೂ ಅಷ್ಟಕ್ಕಷ್ಟೆ.

ನೀನು ಸತ್ಯವನ್ನೇ ಹೇಳು. ನಾನು ಅಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಕಸ್ತೂರಿರಂಗ


ಮಳವಳ್ಳಿ
೧೨–೩–೧೯೪೧

ರಂಗನಿಗೆ,

ಇನ್ಸ್‌ಪೆಕ್ಟರರು ಚೆನ್ನಾಗಿ ನೋಡಿಕೊಂಡು ಹೋದರೆಂದು ನಂಬಿದ್ದೇನೆ.

ಪಟೇಲರ ಜಗುಲಿಯ ಮೇಲೆ ಹಿರಿಯರು. ಶಾನುಭೋಗರು ಬರೆಯುವುದಕ್ಕೆ. ನಾನು ಎಣಿಸಿದ ಹಾಗೇ ನನಗೆ ಮೆಟ್ಟಿಲು. ಬೋರಯ್ಯನೂ ಅಂಕಮ್ಮನೂ ಬೀದಿಯಲ್ಲಿ, ಬಿಸಿಲಲ್ಲಿ. ಹೊನ್ನಯ್ಯ ಕಂಬಕ್ಕೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದ. ಒಂದು ದಿನ ಇಡೀ ನೋಡುವಷ್ಟು ಉಗುರು ಯಾರಿಗೂ ಇರುವುದಿಲ್ಲ.

ಮೊದಲೇ ಬೋರಯ್ಯನನ್ನು ಕೇಳಿದ್ದೆ, ಏನು ಹೇಳಲಿ ಅಂತ. "ನಿಮ್ಗೆ ಏನು ಕಂಡದೋ ಅದ್ನ ಏಳಿ ಸಾಬ್ರೇ" ಅಂದಿದ್ದ. ಹಾಗೆ ಹೇಳುವುದು ಅಂತಲೇ ಹೊರಟಿದ್ದೆ. ನಿನ್ನ ಕಾಗದವೂ ಜೇಬಿನಲ್ಲಿತ್ತು. ಪಟೇಲರು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಂಕಮ್ಮ ಬೀದಿಯಿಂದಲೇ, "ಜಾರ್ದ ಕಣ್ ಬುದ್ಧೀ, ನನ್ನ ಮಗ ಜಾರ್ದ, ಕೆರೆ ಮಣ್ಣು ಬುದ್ಧೀ" ಅಂತ ಕೈ ಮುಗಿಯಲು ಶುರು ಮಾಡಿದಳು. ಅವಳು ಪಂದ್ಯಕ್ಕೇ ಬಂದಿರಲಿಲ್ಲ.

"ಜಾರಿದ" ಅಂದೆ.

ಪಟೇಲರು ಬೋರಯ್ಯನ ಕಡೆ ತಿರುಗಿ, "ಹೌದೇನ್ಲಾ?" ಅಂದರು. ಅವನು ಮೊದಲು ಅವ್ವನನ್ನು ನೋಡಿದ, ಆಮೇಲೆ ನನ್ನನ್ನು. ಎಷ್ಟು ಹೊತ್ತು ನೋಡಿದ ಅಂತೀಯಾ, ಶಾನುಭೋಗರು ತಲೆ ಎತ್ತಿದರು. "ಹೂಂ ಬುದ್ಧೀ" ಅಂದ. ಶಾನುಭೋಗರು ಬರೆದುಕೊಂಡರು, ದೊರೆಗೂ ಒಂದು ಪ್ರತಿ. ಸಂಜೆಗೆ ಕೊಟ್ಟಿಗೆಯ ಬಾಗಿಲು ತೆರೆದಿತ್ತು.

ನೀನು ಕೋಪಿಸಿಕೊಳ್ಳುತ್ತೀಯ ಅಂತ ಗೊತ್ತು. ಕೋಪಿಸಿಕೋ. ಆದರೆ ಅಲ್ಲಿ ನಿಂತು ನೋಡಿದವನು ನಾನು. ಸತ್ಯ ಹೇಳಿ ನಾನು ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ, ಬೀಬಿ ಜಾನ್ ಅನ್ನ ಬಡಿಸುತ್ತಿದ್ದಳು. ಅವರು ಎಲ್ಲಿಗೆ ಹೋಗುತ್ತಿದ್ದರು? ನಿನ್ನ ಮನೆಗೆ ಕಳಿಸಬಹುದಿತ್ತೇ?

ಪೀರ್


ಮಂಡ್ಯ
೧೫–೩–೧೯೪೧

ಪೀರ್,

ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಅವನ ಬದುಕಿನ ಒಂದೇ ಒಂದು ನೆಗೆತವನ್ನು ನೀನು ಜಾರಿಕೆ ಮಾಡಿಬಿಟ್ಟೆ. ದೊರೆಗೆ ನಾನೇ ಬರೆದು ನಿಜ ತಿಳಿಸಿದ್ದೇನೆ.

ನಿನ್ನ ಕಾಗದದ ಕೊನೆಯ ಸಾಲಿಗೆ ಉತ್ತರ ಬರೆಯಲು ಕೂತೆ. ರಂಗನಾಯಕಿ, "ಬರಲಿ ಅಂತ ಬರೆಯಿರಿ" ಎಂದಳು. ನಮ್ಮ ತಾಯಿಯವರು ಒಳಗಿನಿಂದ ಕೇಳಿಸಿಕೊಂಡು ಅಂದಿನಿಂದ ಊಟ ಬಿಟ್ಟಿದ್ದಾರೆ. ಈ ವಿಷಯ ಮುಂದೆ ಬರೆಯುತ್ತೇನೆ.

ಕಸ್ತೂರಿರಂಗ


ಮಳವಳ್ಳಿ
೨೫–೩–೧೯೪೧

ರಂಗನಿಗೆ,

ನೀನು ಮುಂದೆ ಬರೆಯುತ್ತೇನೆ ಅಂದದ್ದು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಇಲ್ಲಿ ನಡೆದದ್ದು ಕೇಳು.

ಪಂಚಾಯಿತಿಯ ಮೇಲೆ ಬೋರಯ್ಯ ಒಂದು ಅಭ್ಯಾಸವನ್ನೂ ತಪ್ಪಿಸಲಿಲ್ಲ. ಹೇಳಿದ ಕಡೆ ನಿಂತ, ಕೆಳಗೆ ಬಂದ ಚೆಂಡು ಹಿಡಿದ, ಮೇಲೆ ಬಂದದ್ದನ್ನು ನೋಡುತ್ತಾ ಬಿಟ್ಟ. ಗಫಾರನ ಬೆನ್ನನ್ನೂ ಮುಟ್ಟಲಿಲ್ಲ. ಗಫಾರನೇ ಒಂದು ದಿನ ಬೆನ್ನು ಬಗ್ಗಿಸಿ, "ಬಾರ್ಲಾ, ಬೆನ್ನು ತುರಿಸ್ತಾ ಅದೆ" ಅಂತ ಕರೆದ. ಇವನು ನಗಲಿಲ್ಲ. "ಜಾರ್ತದೆ ಗಫಾರಣ್ಣ" ಅಂದ. ನಾನು ಅಲ್ಲೇ ಇದ್ದೆ.

ಮೊನ್ನೆ ಭಾನುವಾರ ಮದ್ದೂರಿನಲ್ಲಿ ಪಂದ್ಯ. ಹಿಂದಿನ ದಿನ ಬಂದು ಕೇಳಿದ: "ಅವ್ವಂಗೆ ಮದ್ದೂರಲ್ಲಿ ಕಣ್ಣು ತೋರುಸ್ಬೇಕು ಸಾಬ್ರೇ. ಬಸ್ಸಲ್ಲಿ ಒಸಿ ಜಾಗ ಕೊಟ್ಟೀರಾ?" ಯಾಕಾಗಬಾರದು, ಬರಲಿ ಅಂದೆ. ಅಂಕಮ್ಮ ಬೆಳಿಗ್ಗೆ ಒಂದು ಗಂಟು ಹೊತ್ತು ಬಂದಳು. ಇಳಿಸಿಕೊಂಡು ಬಸ್ಸಿನ ಮೇಲೆ ಹಾಕಿದವನು ನಾನೇ. ಕ್ಲೀನರ್ ಆಗಿ ಬದುಕು ಶುರು ಮಾಡಿದವನು ನಾನು, ಗಂಟು ಮುಟ್ಟಿದರೆ ಒಳಗೇನಿದೆ ಅಂತ ಹೇಳಬಲ್ಲೆ. ಬೀಸುವ ಕಲ್ಲು. "ಏನಮ್ಮಾ, ಕಣ್ಣು ತೋರ್ಸೋಕೆ ರಾಗಿ ಕಲ್ಲು ಯಾಕೆ?" ಅಂದೆ. ಅವಳು ತಡವರಿಸಲಿಲ್ಲ. "ಡಾಕುಟ್ರು ಬಾಳಾ ಒತ್ತು ಕಾಯುಸ್ತಾರಂತೆ ಕಣಪ್ಪ. ಬೀಸ್ಕಂಡು ಕುಂತಿರ್ತೀನಿ" ಅಂದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೇ ಹೆಚ್ಚು ನಕ್ಕೆ. ಭಾನುವಾರ ಆಸ್ಪತ್ರೆಯ ಡಾಕ್ಟರು ಇರುವುದಿಲ್ಲ ಅನ್ನುವುದೂ ನನ್ನ ತಲೆಗೆ ಬರಲಿಲ್ಲ. ಹೊನ್ನಯ್ಯ ಮಾತ್ರ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಸ್ಟೇಷನ್ನಿನ ಹತ್ತಿರ ಅವಳನ್ನು ಇಳಿಸಿ ನಾವು ಮೈದಾನಕ್ಕೆ ಹೋದೆವು.

ಪಟೇಲರು ಬಂದಿರಲಿಲ್ಲ, ಅವರ ತಮ್ಮ ಬಂದಿದ್ದರು, ಜೊತೆಗೆ ಊರಿನ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ದೊರೆಯೂ ಇದ್ದ, ಮಂಡ್ಯದ ಮೇಷ್ಟ್ರೊಬ್ಬರ ಕಾಗದ ಬಂದಿದೆ ಅಂತ ನನ್ನನ್ನು ಒಂದು ಥರ ನೋಡಿದ. ನಾವು ಹೇಗೂ ಸೋಲುತ್ತಿದ್ದೆವು. ಮೂರನೆಯ ಸುತ್ತಿನಲ್ಲಿ ಮೇಲೆ ಒಂದು ಚೆಂಡು ಬಂತು. ಅದನ್ನು ಹಿಡಿದರೂ ಗೆಲುವಿಲ್ಲ, ಬಿಟ್ಟರೂ ನಷ್ಟವಿಲ್ಲ, ಅಂಥ ಚೆಂಡು. ಹೊನ್ನಯ್ಯ ಕೈ ಎತ್ತಲಿಲ್ಲ. ಹಿಂದಕ್ಕೆ ತಿರುಗಿ ನೋಡಿದ, ಎರಡು ಕಾಲನ್ನೂ ಅಗಲಿಸಿ ನೆಲಕ್ಕೆ ಊರಿ, ತಲೆ ತಗ್ಗಿಸಿ ನಿಂತುಕೊಂಡ. ಬೋರಯ್ಯ ದೂರದಿಂದ ಓಡಿ ಬಂದ. ಎರಡು ಮಂಡಿಯನ್ನೂ ಊರಿದ, ಎರಡು ಹೆಗಲಿಗೂ. ಮದ್ದೂರಿನ ಒಣ ಮೈದಾನ ಕಣಯ್ಯ, ಜಾರುವುದಕ್ಕೆ ಒಂದು ಹನಿ ನೀರಿರಲಿಲ್ಲ. ಇದನ್ನು ಜಾರಿದ್ದು ಅನ್ನುವ ಬಾಯಿ ಇಡೀ ಜಿಲ್ಲೆಯಲ್ಲಿ ಇಲ್ಲ, ನನ್ನದೂ ಸೇರಿ.

ಚೆಂಡು ಹಿಡಿದು ಇಳಿದ. ಗೋಲಿಗೆ ಒದೆಯಲಿಲ್ಲ. ಚೆಂಡನ್ನು ಹೊನ್ನಯ್ಯನ ಕೈಗೆ ಕೊಟ್ಟು, ಮೈದಾನ ದಾಟಿ ಹೋಗಿ, ಬೇಲಿಯ ಮೇಲಿದ್ದ ಅಂಗಿ ತೆಗೆದುಕೊಂಡು ಸ್ಟೇಷನ್ ಕಡೆ ನಡೆದ. ಓಡಲಿಲ್ಲ, ನಡೆದ. ಪಟೇಲರ ತಮ್ಮ, "ಹಿಡೀರ್ಲಾ ಅವ್ನ!" ಅಂತ ಕೂಗಿದರು. ಮದ್ದೂರಿನವರು ಆಟ ನಿಲ್ಲಿಸಬೇಡಿ ಅಂತ ಗಲಾಟೆ ಎಬ್ಬಿಸಿದರು. ಗಫಾರ್ ಪಟೇಲರ ಕಡೆಯವರ ಗಾಡಿಗೆ ಅಡ್ಡವಾಗಿ ಕಾಲುನೋವು ಅಂತ ಮಲಗಿಬಿಟ್ಟಿದ್ದ. ನಾನು ಸ್ಟೇಷನ್ನಿಗೆ ಹೋಗುವ ಹೊತ್ತಿಗೆ ಎರಡು ಕಡೆಯ ರೈಲೂ ಹೋಗಿದ್ದವು, ಒಂದು ಮೈಸೂರಿಗೆ, ಒಂದು ಬೆಂಗಳೂರಿಗೆ. ಪ್ಲಾಟ್‌ಫಾರಂ ಮೇಲೆ ಒಂದಿಷ್ಟು ರಾಗಿ ಹಿಟ್ಟು ಚೆಲ್ಲಿತ್ತು. ಹೇಳಿದ ಹಾಗೆ ಬೀಸುತ್ತಲೇ ಕೂತಿದ್ದಳು ಅಂತ ಕಾಣುತ್ತದೆ.

ಅವನು "ಹೂಂ ಬುದ್ಧೀ" ಅಂದಾಗಲೇ ಇದನ್ನು ಎಣಿಸಿದ್ದನೋ, ಆಮೇಲೆ ಎಣಿಸಿದನೋ ತಿಳಿಯದು. ಗುಡಿಸಲು ಬಿಡಿಸುವವರೆಗೆ ಕಾಯದೆ ಅವ್ವನನ್ನು ಅವನೇ ಬಿಡಿಸಿದ. ಆಮೇಲೆ ನೆಗೆದ. ನಾವಿಬ್ಬರೂ ಒಂದು ತಿಂಗಳು ಅಂಚೆ ಸವೆಸಿದೆವಲ್ಲ, ಅವನನ್ನು ಎಲ್ಲಿ ನಿಲ್ಲಿಸುವುದು, ಏನು ಹೇಳುವುದು ಅಂತ. ಅವನು ನಮ್ಮಿಬ್ಬರನ್ನೂ ಕೇಳಲಿಲ್ಲ.

ಪೀರ್


ಮಂಡ್ಯ
೨೯–೩–೧೯೪೧

ಪ್ರಿಯ ಪೀರ್,

ಹಬ್ಬದ ದಿನ ನಿನ್ನ ಕಾಗದ ಬಂತು. ರಂಗನಾಯಕಿಗೆ ಓದಿ ಹೇಳಲಿಲ್ಲ. ಅವಳೇ ಎತ್ತಿಕೊಂಡು ಓದಿದಳು. ಬೆಳಗಿನಿಂದ ನನ್ನೊಡನೆ ಮಾತಿಲ್ಲ.

ಅವನನ್ನು ಹುಡುಕಬೇಕು. ಹಾರ್ಪರ್ ದೊರೆ ನನಗೆ ಉತ್ತರ ಬರೆದಿದ್ದಾರೆ. ಎರಡು ಸಲವೂ ತಾವೇ ಕಣ್ಣಾರೆ ನೋಡಿದ್ದಾಗಿಯೂ, ಕೆಲಸ ಕೊಡಲು ಸಿದ್ಧವೆಂದೂ ಬರೆದಿದ್ದಾರೆ. ಮೈಸೂರಿನಲ್ಲಿ ನನ್ನ ಸೋದರಮಾವ ಇದ್ದಾರೆ, ಬೆಂಗಳೂರಿನಲ್ಲಿ ಸ್ನೇಹಿತರಿದ್ದಾರೆ, ಎಲ್ಲರಿಗೂ ಬರೆಯುತ್ತೇನೆ. ನಿನ್ನ ಬಸ್ಸಿನವರಿಗೂ ಹೇಳು. ಹೊನ್ನಯ್ಯನಿಗೇನಾದರೂ ಗೊತ್ತಿದ್ದರೆ ವಿಚಾರಿಸು. ಅವನು ಎಲ್ಲಿದ್ದಾನೆಂದು ತಿಳಿದರೆ ನಾನೇ ಹೋಗಿ ಕರೆತರುತ್ತೇನೆ. ಈ ಸಲ ರಜ ಹಾಕುತ್ತೇನೆ.

ಕಸ್ತೂರಿರಂಗ


ಮಳವಳ್ಳಿ
೪–೪–೧೯೪೧

ರಂಗನಿಗೆ,

ದೊರೆಗೆ ನಾನೂ ಬರೆದುಕೊಟ್ಟೆ. ಪಂಚಾಯಿತಿಯಲ್ಲಿ ಹೇಳಿದ್ದು ಸುಳ್ಳು, ನೆಗೆದದ್ದು ನಿಜ ಅಂತ. ಪಟೇಲರಿಗೂ ತಿಳಿಯಲಿ ಎಂದು ಶಾನುಭೋಗರ ಕೈಯಲ್ಲೂ ಒಂದು ಪ್ರತಿ ಕೊಟ್ಟೆ. ಕೆರೆಯಂಗಳಕ್ಕೆ ಈಗ ಮುಳ್ಳುಬೇಲಿ ಹಾಕಿಸಿದ್ದಾರೆ. ನಿಮ್ಮ ಮಂಡ್ಯದವರ ಮೇಲಿನ ಕೊನೆಯ ಪಂದ್ಯ ನಡೆಯುವುದಿಲ್ಲ. ನಮ್ಮಲ್ಲಿ ಹದಿನೆಂಟು ಜನ ಇಲ್ಲ, ಆಡಲು ಮನಸ್ಸೂ ಇಲ್ಲ.

ಹುಡುಕುವ ವಿಷಯ. ನೀನು ಹೇಳಿದೆ ಅಂತ ನಿನ್ನೆ ಬಸ್ಸಿನ ಹತ್ತಿರ 'ಹೊನ್ನಯ್ಯ' ಅಂತ ಕೂಗಿದೆ. ತಿರುಗಿದ. ತಲೆ ಬೋಳಿಸಿದ್ದಾರೆ. ಎಡ ಹೆಗಲನ್ನು ಸ್ವಲ್ಪ ಇಳಿಸಿಕೊಂಡು ನಡೆಯುತ್ತಾನೆ, ಇನ್ನೂ ನೋವಿದೆಯಂತೆ.

"ಬೋರ ಎಲ್ಲಿಗೆ ಹೋದ್ನಪ್ಪಾ, ನಿನಗೇನಾದ್ರೂ ಹೇಳಿದ್ನಾ?" ಅಂದೆ.

"ನಿಮಗೂ ಏಳ್ಲಿಲ್ವಾ?" ಅಂದ.

"ಇಲ್ಲ."

"ಒಳ್ಳೇದಾಯ್ತು ಬುಡಿ ಸಾಬ್ರೇ" ಅಂದ. "ಏಳಿದ್ರೆ, ನಮ್ಮಪ್ಪ ಕೇಳ್ದಾಗ ನೀವು ಏಳ್ಬುಡ್ತಿದ್ರಿ."

ಅವನಿಗೆ ಎಲ್ಲಿ ಅಂತ ಗೊತ್ತಿದೆಯೋ ಇಲ್ಲವೋ ನಾನು ಮತ್ತೆ ಕೇಳಲಿಲ್ಲ. ಬಸ್ಸು ಹೊರಡುವ ಹೊತ್ತಾಗಿತ್ತು. ನೀನೂ ಯಾರಿಗೂ ಬರೆಯಬೇಡ.

ಪೀರ್ ಪಾಷಾ